ಪದವಿಯ ಹಂಗಿಲ್ಲದ ಕಲಾಭ್ಯಾಸ

ಬೆಂಗಳೂರಿನ ಪೂರ್ವಭಾಗದಲ್ಲಿ, ವಿಶೇಷವಾಗಿ ಮಹದೇವಪುರ, ಹೂಡಿ, ಗರುಡಾಚಾರ್‌ಪಾಳ್ಯ, ದೊಡ್ಡನೆಕ್ಕುಂದಿಗಳ ಆಸುಪಾಸಿನಲ್ಲಿ, ಹಗಲೆಲ್ಲ ಕಂಪ್ಯೂಟರಿನ ಎದುರು ದುಡಿದು ಮನೆಗೆ ಹಿಂದಿರುಗುವ ಜನರ ನಡುವೆ, ಬಾಲ್ಯದಲ್ಲಿ ಕೈಬಿಟ್ಟ ಕುಂಚವನ್ನು ಮತ್ತೊಮ್ಮೆ ಹಿಡಿಯಬೇಕೆಂಬ ಆಸೆಯನ್ನು ಯಾರಿಗೂ ಹೇಳದೆ ಉಳಿಸಿಕೊಂಡು ಬಂದವರು ಬಹಳ ಮಂದಿ ಇದ್ದಾರೆ. ಹೈಸ್ಕೂಲಿನಲ್ಲಿ ಲೋಯರ್ ಡ್ರಾಯಿಂಗ್ ಪರೀಕ್ಷೆಯನ್ನು ಮುಗಿಸಿ, ಹೈಯರ್ ಪರೀಕ್ಷೆಗೆ ಕಟ್ಟಬೇಕೆನ್ನುವಷ್ಟರಲ್ಲಿ ಪಿಯುಸಿಯ ವಿಜ್ಞಾನ ಅಡ್ಡಬಂದು, ಅದರ ಹಿಂದೆಯೇ ಇಂಜಿನಿಯರಿಂಗ್, ಉದ್ಯೋಗ, ಸಂಸಾರಗಳು ಒಂದರ ಮೇಲೊಂದು ಬಂದು ಕುಳಿತ ಕಥೆ ಇವರಲ್ಲಿ ಬಹುಮಂದಿಯದು. ಇವರೊಡನೆ ಇನ್ನೊಂದು ವರ್ಗವನ್ನೂ ಸೇರಿಸಿ ಹೇಳಬೇಕು. 1948ರಲ್ಲಿ ದೂರವಾಣಿನಗರದಲ್ಲಿ ಆರಂಭವಾದ ಐ.ಟಿ.ಐ., ಅದಕ್ಕೂ ಹಿಂದಿನದಾದ ಎಚ್.ಎ.ಎಲ್., ಹಳೆಯ ಮದರಾಸು ರಸ್ತೆಯ ಎನ್.ಜಿ.ಇ.ಎಫ್. ಮೊದಲಾದ ಕಾರ್ಖಾನೆಗಳ ಡ್ರಾಯಿಂಗ್ ಆಫೀಸಿನಲ್ಲಿ ಹಲಗೆಯ ಮುಂದೆ ಆಯುಷ್ಯದ ಉತ್ತಮಭಾಗವನ್ನು ಕಳೆದು ನಿವೃತ್ತರಾದ ಹಿರಿಯರು ಅವರು. ಇವರೆಲ್ಲರೂ ಒಂದಲ್ಲ ಒಂದು ಸಂದರ್ಭದಲ್ಲಿ ಕೇಳುವ ಪ್ರಶ್ನೆ ಒಂದೇ: ಕೆಲಸ ಬಿಡದೆ, ನಾಲ್ಕು ವರ್ಷದ ಪದವಿಗೆ ಸೇರದೆ, ಕಲಾಕಾಲೇಜಿನಲ್ಲಿ ಕ್ರಮವಾಗಿ ಏನನ್ನಾದರೂ ಕಲಿಯುವುದು ಸಾಧ್ಯವೆ? ಸಾಧ್ಯವಾದರೆ ಅದರಿಂದ ದೊರಕುವುದೇನು?

ಸಾಧ್ಯವೆಂಬುದೇ ನನ್ನ ಉತ್ತರ. ಅಷ್ಟೇ ಅಲ್ಲ, ಪದವಿಯ ನಿರೀಕ್ಷೆಯಿಲ್ಲದೆ ಕಲಾಶಾಲೆಯ ಹೊಸ್ತಿಲನ್ನು ದಾಟತಕ್ಕವನು ಅಲ್ಲಿಗೆ ತಡವಾಗಿ ಬಂದ ಅತಿಥಿಯೇನೂ ಅಲ್ಲ. ನಮ್ಮ ನಾಡಿನಲ್ಲಿ ಆಧುನಿಕ ಕಲಾಶಿಕ್ಷಣವು ಆರಂಭವಾದದ್ದೇ ಅಂಥ ವಿದ್ಯಾರ್ಥಿಗಳಿಂದ. 1913ರಲ್ಲಿ ಮೈಸೂರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯು ತೆರೆದಾಗ ಅಲ್ಲಿ ಚಿತ್ರಕಲೆಯು ಮರಗೆತ್ತನೆಯೇ ಮೊದಲಾದ ಕೈಕಸುಬುಗಳ ನೆರೆಯಲ್ಲಿ ಕುಳಿತಿತ್ತೇ ಹೊರತು, ವಿಶ್ವವಿದ್ಯಾಲಯದ ಪದವಿಗಳ ಸಾಲಿನಲ್ಲಲ್ಲ. 1919ರಲ್ಲಿ ಅ. ನ. ಸುಬ್ಬರಾಯರು ಬೆಂಗಳೂರಿನಲ್ಲಿ ‘ಕಲಾಮಂದಿರ’ವನ್ನು ಸ್ಥಾಪಿಸಿದರು. ಅದೇ ವರ್ಷದಲ್ಲಿಯೇ ಶಾಂತಿನಿಕೇತನದ ಕಲಾಭವನವೂ ಜರ್ಮನಿಯ ವೈಮಾರ್ ನಗರದ ಬೌಹೌಸ್ ಎಂಬ ಶಾಲೆಯೂ ಜನಿಸಿದವೆಂಬುದನ್ನು ನೆನೆದರೆ, ಕಲೆಯನ್ನು ಕಲಿಸುವ ಹೊಸ ಬಗೆಯೊಂದಕ್ಕಾಗಿ ಲೋಕವೇ ಹಾತೊರೆಯುತ್ತಿದ್ದ ಕಾಲವದು ಎನ್ನಿಸುತ್ತದೆ. ಸುಬ್ಬರಾಯರ ಪುತ್ರರಾದ ಎ. ಎಸ್. ಮೂರ್ತಿಯವರು ಮುಂದೆ ‘ಅಭಿನಯ ತರಂಗ’ವೆಂಬ ಭಾನುವಾರದ ನಾಟಕಶಾಲೆಯನ್ನು ನಡೆಸಿ, ವಾರವೆಲ್ಲ ಬೇರೆ ಬೇರೆ ಕಚೇರಿಗಳಲ್ಲಿ ದುಡಿಯುವವರಿಗೂ ರಂಗಶಿಕ್ಷಣವು ದಕ್ಕುವಂತೆ ಮಾಡಿದರು. ಪದವಿಯ ಆವರಣ ಬಂದದ್ದು ಬಹಳ ಈಚೆಗೆ. 1960ರಲ್ಲಿ ಸ್ಥಾಪಿತವಾದ ಕರ್ನಾಟಕ ಚಿತ್ರಕಲಾ ಪರಿಷತ್ತು, ಎಂ. ಎಸ್. ನಂಜುಂಡರಾಯರ ಅವಿಶ್ರಾಂತ ದುಡಿಮೆಯ ಫಲವಾಗಿ, ಪದವಿ ಮಟ್ಟದ ಕಾಲೇಜನ್ನು ಕಂಡದ್ದು 1983ರಲ್ಲಿ. ಶೇಷಾದ್ರಿಪುರದಲ್ಲಿ ಆರ್. ಎಂ. ಹಡಪದರು 1968ರಲ್ಲಿ ಆರಂಭಿಸಿದ ಕೆನ್ ಕಲಾಶಾಲೆಯಾದರೋ ಡಿಪ್ಲೊಮಾದ ಬಲದಿಂದಲೇ ಬಾಳಿದ ಶಾಲೆ; ಇಂದು ದೇಶಾಂತರಗಳಲ್ಲಿ ಹೆಸರಾಗಿರುವ ಶೀಲಾ ಗೌಡರು ಶಾಂತಿನಿಕೇತನಕ್ಕೂ ಲಂಡನ್ನಿಗೂ ಹೋಗುವ ಮೊದಲು ಕಲಿತದ್ದು ಅಲ್ಲಿಯೇ.

ಈ ಪರಂಪರೆಯಲ್ಲಿ ನಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರವಾದ ಜೀವನವು ರುಮಾಲೆ ಚನ್ನಬಸವಯ್ಯನವರದು. 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಜನಿಸಿದ ಇವರು ತಾರುಣ್ಯದಲ್ಲಿ ಕಲಾಮಂದಿರದಲ್ಲಿಯೂ ಮೈಸೂರಿನಲ್ಲಿಯೂ ಚಿತ್ರಾಭ್ಯಾಸ ಮಾಡುತ್ತಿದ್ದವರು, ಸ್ವಾತಂತ್ರ್ಯ ಸಂಗ್ರಾಮದ ಕರೆ ಬಂದೊಡನೆ ಕುಂಚವನ್ನು ಕೆಳಗಿಟ್ಟು ಸೇವಾದಳಕ್ಕೆ ನಡೆದರು. ಸೆರೆಮನೆ, ಸಂಘಟನೆ, ರಾಜಕಾರಣಗಳಲ್ಲಿ ದಶಕಗಳು ಕಳೆದುವು. ಐವತ್ತನ್ನು ದಾಟಿದ ಮೇಲೆ, 1960ರ ದಶಕದ ಆರಂಭದಲ್ಲಿ, ಅವರು ಮತ್ತೆ ಬಣ್ಣಕ್ಕೆ ಮರಳಿದರು. ಆ ಮೇಲೆ 1988ರಲ್ಲಿ ಕಾಲವಾಗುವವರೆಗೂ ಬೆಂಗಳೂರಿನ ಹೂಮರಗಳನ್ನೂ ಉದ್ಯಾನಗಳನ್ನೂ ಬೀದಿಯ ತಿರುವುಗಳನ್ನೂ ದಪ್ಪ ಬಣ್ಣದ ಚುರುಕು ಹೊಡೆತಗಳಲ್ಲಿ ಅವರು ಬರೆದದ್ದನ್ನು ನೋಡಿದವರು, ಆ ಮೂರು ದಶಕಗಳ ವಿರಾಮವನ್ನು ನಷ್ಟವೆಂದು ಕರೆಯಲು ಹಿಂಜರಿಯುತ್ತಾರೆ. ಎಳೆವಯಸ್ಸಿನಲ್ಲಿ ಅಲ್ಪಕಾಲವಾದರೂ ಗುರುಮುಖದಿಂದ ಪಡೆದ ಶಿಸ್ತು ಕೈಯಲ್ಲಿ ಎಲ್ಲೋ ಉಳಿದಿತ್ತು. ಕಣ್ಣು ಮಾತ್ರ ಈ ನಡುವೆ ಮನುಷ್ಯರನ್ನೂ ಊರನ್ನೂ ನೋಡುತ್ತ ಪಕ್ವವಾಗಿತ್ತು. ಅಲ್ಪಾವಧಿಯ ಅಭ್ಯಾಸವು ಫಲ ಕೊಡುವುದು ಯಾವಾಗಲೂ ಅದು ಮುಗಿದ ವರ್ಷದಲ್ಲಿಯೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ನನಗೆ ತಿಳಿಯದು.

ಪದವಿಯನ್ನು ಬಯಸದೆ ವಿದ್ಯೆಯನ್ನು ಮಾತ್ರ ಬಯಸಿದವರಲ್ಲಿ ಹೊಸಬರಷ್ಟೇ ಅಲ್ಲ, ಪಳಗಿದವರೂ ಇದ್ದರು. ಉಡುಪಿಯ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಉಪಾಧ್ಯಾಯರಾಗಿದ್ದು, ದೇಶದಲ್ಲಿ ಹೆಸರು ಪಡೆದ ಮೇಲೆ, 1949–50ರಲ್ಲಿ ಪ್ಯಾರಿಸ್ಸಿಗೆ ಹೋಗಿ ಅಕಾಡೆಮಿ ಜೂಲಿಯನ್‌ನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಆ ಶಾಲೆಯಾದರೂ 1868ರಲ್ಲಿ ಹುಟ್ಟಿದ್ದು, ಸರ್ಕಾರದ ಕಲಾಶಾಲೆಯ ಕಠಿನ ಪ್ರವೇಶಪರೀಕ್ಷೆಯನ್ನು ದಾಟಲಾಗದ ಪರದೇಶಿಗಳಿಗೂ, ಆ ಕಾಲಕ್ಕೆ ಅಲ್ಲಿ ಪ್ರವೇಶವೇ ಇಲ್ಲದಿದ್ದ ಸ್ತ್ರೀಯರಿಗೂ ಬಾಗಿಲು ತೆರೆದು. 1875ರಲ್ಲಿ ನ್ಯೂಯಾರ್ಕಿನಲ್ಲಿ ವಿದ್ಯಾರ್ಥಿಗಳೇ ಕಟ್ಟಿಕೊಂಡ ಆರ್ಟ್ ಸ್ಟೂಡೆಂಟ್ಸ್ ಲೀಗ್ ಸಂಸ್ಥೆಯಲ್ಲಿ ಪದವಿಯ ಮಾತೇ ಇಲ್ಲ. ಬೇಕಾದ ಗುರುವಿನ ತರಗತಿಗೆ ಬೇಕಾದಷ್ಟು ಕಾಲದ ಶುಲ್ಕ ಕೊಟ್ಟು ಕಲಿಯುವುದು ಅಲ್ಲಿಯ ಪದ್ಧತಿ. ಇವೆರಡಕ್ಕೂ ಮೊದಲು, 1854ರಲ್ಲಿ ಲಂಡನ್ನಿನಲ್ಲಿ ಶ್ರಮಜೀವಿಗಳಿಗಾಗಿ ತೆರೆದ ಕಾಲೇಜೊಂದರಲ್ಲಿ ಜಾನ್ ರಸ್ಕಿನ್ ಸಂಜೆಯ ಹೊತ್ತು ಸಂಬಳವಿಲ್ಲದೆ ರೇಖಾಚಿತ್ರವನ್ನು ಕಲಿಸುತ್ತಿದ್ದರು. ಬಡಗಿಯನ್ನು ಚಿತ್ರಕಾರನನ್ನಾಗಿ ಮಾರ್ಪಡಿಸುವುದು ತನ್ನ ಉದ್ದೇಶವಲ್ಲವೆಂದೂ, ಅವನು ಬಡಗಿಯಾಗಿಯೇ ಹೆಚ್ಚು ಸಂತುಷ್ಟನಾಗಿರುವಂತೆ ಮಾಡುವುದೇ ಉದ್ದೇಶವೆಂದೂ ಅವರು ತಿಳಿಸಿದ್ದುಂಟು. ಮಹದೇವಪುರದ ಸಾಫ್ಟ್‌ವೇರ್ ಉದ್ಯೋಗಿಗೆ ಇದಕ್ಕಿಂತ ಗೌರವಯುತವಾದ ಗುರಿಯನ್ನು ತೋರಿಸಲು ನನ್ನಿಂದಾಗದು.

ಇನ್ನು ವ್ಯವಹಾರದ ಮಾತಿಗೆ ಬರೋಣ. ಕಲಾಕಾಲೇಜಿನಲ್ಲಿ ನಾಲ್ಕು ವರ್ಷದ ಬಿ.ವಿ.ಎ. ಅಥವಾ ಬಿ.ಎಫ್.ಎ. ಪದವಿ, ಅದರ ಮೇಲೆ ಎರಡು ವರ್ಷದ ಸ್ನಾತಕೋತ್ತರ ಅಭ್ಯಾಸ — ಇದು ಹೆದ್ದಾರಿ. ಪಿಯುಸಿ ಮುಗಿದಿರಬೇಕು, ಹಿಂದಿನ ಕೆಲಸವನ್ನು ತೋರಿಸಬೇಕು, ಪ್ರವೇಶಪರೀಕ್ಷೆಯಲ್ಲಿ ಕುಳಿತು ಬರೆಯಬೇಕು, ಹಗಲೆಲ್ಲ ಸ್ಟುಡಿಯೊದಲ್ಲಿರಬೇಕು. ಅದರ ಪಕ್ಕದಲ್ಲಿ ಸಂಜೆಯ ತರಗತಿಗಳು, ಶನಿವಾರ ಭಾನುವಾರಗಳ ತರಗತಿಗಳು, ಬೇಸಿಗೆಯ ಶಿಬಿರಗಳು, ಕೆಲವು ತಿಂಗಳ ಸರ್ಟಿಫಿಕೇಟ್ ಅಭ್ಯಾಸಗಳು ಇರುತ್ತವೆ. ಇವುಗಳಿಗೆ ಸಾಮಾನ್ಯವಾಗಿ ವಯಸ್ಸಿನ ಮಿತಿಯಾಗಲಿ, ಪೂರ್ವಶಿಕ್ಷಣದ ನಿರ್ಬಂಧವಾಗಲಿ ಹೆಚ್ಚು ಇರುವುದಿಲ್ಲ. ಮೂರನೆಯದಾದ ಮಾರ್ಗವು ಪಾಶ್ಚಾತ್ಯ ವಿಶ್ವವಿದ್ಯಾಲಯಗಳಲ್ಲಿ ರೂಢಿಯಾಗಿದ್ದು ನಮ್ಮಲ್ಲಿ ವಿರಳವಾದುದು: ಪದವಿಯ ತರಗತಿಯಲ್ಲಿಯೇ ಪರೀಕ್ಷೆಯ ಬಾಧ್ಯತೆಯಿಲ್ಲದೆ ಕುಳಿತು ಕೇಳುವುದು. ಕಲಾಚರಿತ್ರೆಯಂಥ ವಿಷಯಕ್ಕೆ ಇದು ಅತ್ಯುತ್ತಮವಾದುದಾದರೂ, ನಮ್ಮ ಕಾಲೇಜುಗಳಲ್ಲಿ ಇದಕ್ಕೆ ನಿಯಮವಿರುವುದಕ್ಕಿಂತ ವಿಭಾಗದ ಮುಖ್ಯಸ್ಥರ ಸೌಜನ್ಯವೇ ಆಧಾರವಾಗಿರುವುದು ಹೆಚ್ಚು. ಆದುದರಿಂದ ಅರ್ಜಿಯ ನಮೂನೆಯನ್ನು ಹುಡುಕುವ ಬದಲು ನೇರವಾಗಿ ಹೋಗಿ, ವಿನಯದಿಂದ, ತನ್ನ ಉದ್ದೇಶವನ್ನು ಸ್ಪಷ್ಟವಾಗಿ ಹೇಳಿ ಅನುಮತಿಯನ್ನು ಕೇಳುವುದು ಲೇಸು.

ಸರ್ಟಿಫಿಕೇಟಿನ ಬೆಲೆಯೇನು? ವೃತ್ತಿಯ ದೃಷ್ಟಿಯಿಂದ ಅತ್ಯಲ್ಪ. ಅಲ್ಪಾವಧಿಯ ತರಗತಿಯ ಪ್ರಮಾಣಪತ್ರವನ್ನು ತೋರಿಸಿ ಪದವಿಯ ಎರಡನೆಯ ವರ್ಷಕ್ಕೆ ಸೇರುತ್ತೇನೆಂದರೆ ಅದು ನಡೆಯತಕ್ಕದ್ದಲ್ಲ. 2021ರಲ್ಲಿ ಯು.ಜಿ.ಸಿ.ಯು ರೂಪಿಸಿದ ಕ್ರೆಡಿಟ್ ಬ್ಯಾಂಕಿನ ವ್ಯವಸ್ಥೆಯಲ್ಲಿ, ಒಂದು ಕಡೆ ಗಳಿಸಿದ ಕ್ರೆಡಿಟ್ಟುಗಳನ್ನು ಗರಿಷ್ಠ ಏಳು ವರ್ಷಗಳ ಕಾಲ ಕೂಡಿಟ್ಟು ಮುಂದೆ ಪದವಿಗೆ ಉಪಯೋಗಿಸಿಕೊಳ್ಳುವ ಅವಕಾಶವುಂಟು. ಆದರೆ ಆ ವ್ಯವಸ್ಥೆಯಲ್ಲಿ ನೋಂದಾಯಿತವಾದ ಸಂಸ್ಥೆಯು ಕ್ರೆಡಿಟ್ ಸಹಿತವಾಗಿ ನಡೆಸುವ ಅಭ್ಯಾಸಕ್ಕೆ ಮಾತ್ರ ಅದು ಅನ್ವಯಿಸುತ್ತದೆ. ಭಾನುವಾರದ ಜಲವರ್ಣದ ತರಗತಿಗೆ ಈ ಭಾಗ್ಯವನ್ನು ನಿರೀಕ್ಷಿಸಬಾರದು. ಮುಂದೆ ಪದವಿಗೆ ಸೇರುವ ಆಲೋಚನೆಯುಳ್ಳ ತರುಣರು ಹಣ ಕಟ್ಟುವ ಮೊದಲೇ ಇದನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳಬೇಕು. ಅಂಥವರಿಗೆ ಈ ತರಗತಿಗಳಿಂದ ಆಗುವ ನಿಜವಾದ ಉಪಕಾರವು ಬೇರೆ: ಪ್ರವೇಶಕ್ಕೆ ತೋರಿಸಬೇಕಾದ ಚಿತ್ರಗಳ ಕಟ್ಟು ಸಿದ್ಧವಾಗುತ್ತದೆ, ನಾಲ್ಕು ವರ್ಷಗಳನ್ನು ಇದಕ್ಕೆ ಕೊಡುವ ಮನಸ್ಸು ತಮಗೆ ನಿಜವಾಗಿಯೂ ಉಂಟೇ ಎಂಬುದು ಆರು ತಿಂಗಳಲ್ಲಿ ಗೊತ್ತಾಗುತ್ತದೆ.

ಹಾಗಾದರೆ, ಮೊಬೈಲಿನಲ್ಲಿ ಪುಕ್ಕಟೆಯಾಗಿ ಪಾಠ ಹೇಳುವವರು ನೂರಾರು ಜನರಿರುವಾಗ ಕಾಲೇಜಿಗೇಕೆ ಹೋಗಬೇಕು? ಮನೆಯಲ್ಲಿಯೇ ಕಲಿಯುವ ಪದ್ಧತಿಯೂ ನಮಗೆ ಹೊಸದಲ್ಲ. ‘ಚಂದಮಾಮ’ದ ಮುಖಪುಟಗಳಿಂದ ಒಂದು ತಲೆಮಾರಿನ ಮಕ್ಕಳ ಕಣ್ಣು ತಣಿಸಿದ ಎಂ. ಟಿ. ವಿ. ಆಚಾರ್ಯರು ಬೆಂಗಳೂರಿನಲ್ಲಿ ‘ಆಚಾರ್ಯ ಚಿತ್ರಕಲಾ ಭವನ’ವನ್ನು ಸ್ಥಾಪಿಸಿ, ಅಂಚೆಯ ಮೂಲಕ ಚಿತ್ರಕಲೆಯನ್ನು ಕಲಿಸಿದರು; ಕಲಾಶಾಲೆಯ ಮುಖವನ್ನೇ ಕಾಣದ ಊರುಗಳ ಹುಡುಗರಿಗೆ ಅದು ದೊಡ್ಡ ಆಸರೆಯಾಯಿತು. ಆದರೆ ಅಂಚೆಯ ಪಾಠದಲ್ಲಿಯೂ ವಿದ್ಯಾರ್ಥಿಯು ಬರೆದು ಕಳುಹಿಸಿದ್ದನ್ನು ಗುರುವೊಬ್ಬರು ನೋಡುತ್ತಿದ್ದರು. ಈಗಿನ ವಿಡಿಯೊ ಪಾಠದಲ್ಲಿ ನಾವು ಗುರುವಿನ ಕೈಯನ್ನು ನೋಡುತ್ತೇವೆ. ನಮ್ಮ ಕೈಯನ್ನು ನೋಡುವವರು ಯಾರೂ ಇಲ್ಲ. ಮಗ್ಗುಲಲ್ಲಿ ನಿಂತು, ನಾವು ನೋಡುತ್ತಿರುವ ವಸ್ತುವನ್ನೂ ನಾವು ಬರೆದದ್ದನ್ನೂ ಒಟ್ಟಿಗೆ ನೋಡಿ, ಇವೆರಡರ ನಡುವೆ ನಮ್ಮ ದೃಷ್ಟಿ ತಪ್ಪಿದ ಸ್ಥಳವನ್ನು ಬೆರಳಿಟ್ಟು ತೋರಿಸುವ ಒಬ್ಬ ಮನುಷ್ಯ: ಕಾಲೇಜು ಕೊಡುವ ಮುಖ್ಯವಾದ ವಸ್ತು ಇದೇ.

ಇದನ್ನು ಪ್ರತ್ಯಕ್ಷವಾಗಿ ಕಂಡ ಸಂದರ್ಭವೊಂದನ್ನು ಹೇಳುತ್ತೇನೆ. ನಮ್ಮ ನೆರೆಯ ಹಿರಿಯರೊಬ್ಬರು, ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿ ನಿವೃತ್ತರಾದವರು, ವಾರಾಂತ್ಯದ ಸ್ಟಿಲ್ ಲೈಫ್ ತರಗತಿಗೆ ಸೇರಿದ್ದರು. ಮೇಜಿನ ಮೇಲೆ ಒಂದು ಹಿತ್ತಾಳೆಯ ತಂಬಿಗೆ, ಎರಡು ಬದನೆಕಾಯಿ, ಅವುಗಳ ಕೆಳಗೆ ನೆರಿಗೆ ಬೀಳುವಂತೆ ಹರಡಿದ ಬಿಳಿಯ ಪಂಚೆ. ಉಳಿದವರು ತಂಬಿಗೆಯ ಬಾಯನ್ನು ಎರಡೂ ತುದಿ ಚೂಪಾದ ಬಾದಾಮಿಯಂತೆ ಬರೆದು, ಮೇಜು ಸಪಾಟಾಗಿದೆಯಲ್ಲವೆ ಎಂಬ ಧೈರ್ಯದಿಂದ ತಳವನ್ನು ನೇರವಾದ ಗೆರೆಯಲ್ಲಿ ಮುಗಿಸಿದ್ದರು. ಇವರದು ಹಾಗಲ್ಲ. ಬಾಯಿ, ಕತ್ತು, ಹೊಟ್ಟೆ, ತಳ, ನಾಲ್ಕೂ ಕಡೆ ದೀರ್ಘವೃತ್ತಗಳು ಅಚ್ಚಿನಲ್ಲಿ ತೆಗೆದಂತೆ ಬಂದಿದ್ದುವು. ಅವರ ಮಗನಿಗಿಂತಲೂ ಚಿಕ್ಕವರಾದ ಉಪಾಧ್ಯಾಯರು ಸ್ಟೂಲೊಂದನ್ನು ಎಳೆದುಕೊಂಡು ಪಕ್ಕದಲ್ಲಿ ಕುಳಿತು, ಬಹಳ ಹೊತ್ತು ನೋಡಿ, “ಸಾರ್, ಗೆರೆ ಎಷ್ಟು ಶುದ್ಧವಾಗಿದೆ! ಆದರೆ ಬಾಯಿ ಎಷ್ಟು ತೆರೆದಿದೆಯೋ ತಳವೂ ಅಷ್ಟೇ ತೆರೆದಿದೆ. ನೀವು ಕೂತಿರೋ ಜಾಗದಿಂದ ಹಾಗೆ ಕಾಣ್ತಿದೆಯಾ, ಒಂದ್ಸಲ ನೋಡಿ,” ಎಂದರು. ಹಿರಿಯರು ಪೆನ್ಸಿಲನ್ನು ತೋಳಿನಷ್ಟು ದೂರಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ಅಳೆದರು, ಮತ್ತೆ ಅಳೆದರು. ಕಣ್ಣಿನ ಮಟ್ಟಕ್ಕೆ ಹತ್ತಿರವಾದ ಬಾಯಿ ಕಿರಿದಾಗಿಯೂ, ಅದಕ್ಕಿಂತ ಕೆಳಗಿರುವ ತಳ ಹೆಚ್ಚು ದುಂಡಾಗಿಯೂ ಕಾಣುತ್ತಿತ್ತು. ಯಂತ್ರದ ನಕ್ಷೆಯಲ್ಲಿ ನೋಡುವವನಿಗೆ ನಿಂತ ಸ್ಥಳವೆಂಬುದಿಲ್ಲ. ವಸ್ತುವು ಎಲ್ಲ ಕಡೆಯೂ ತನ್ನ ಅಳತೆಗೆ ನಿಷ್ಠವಾಗಿರಬೇಕು. ಚಿತ್ರದಲ್ಲಿಯಾದರೋ ನೋಡುವವನು ಒಂದು ಕಡೆ ಕುಳಿತಿದ್ದಾನೆ, ಅವನ ಕಣ್ಣಿಗೊಂದು ಎತ್ತರವಿದೆ. “ಹೌದಲ್ಲ ಮೇಷ್ಟ್ರೇ, ಇಷ್ಟು ವರ್ಷ ಇದು ಗಮನಕ್ಕೇ ಬರಲಿಲ್ಲ,” ಎಂದು ಹೇಳಿ ಅವರು ರಬ್ಬರನ್ನು ಮುಟ್ಟದೆ, ಹಳೆಯ ಗೆರೆಯನ್ನು ಹಾಗೆಯೇ ಉಳಿಸಿಕೊಂಡು, ಅದರ ಮೇಲೆಯೇ ತಳವನ್ನು ತಿದ್ದಿದರು. ಉಪಾಧ್ಯಾಯರು ಅವರ ಚಿತ್ರದ ಮೇಲೆ ಒಂದು ಗೆರೆಯನ್ನೂ ಎಳೆಯಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಕಾಗದದ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಚಿಕ್ಕದಾಗಿ ಬರೆದು ತೋರಿಸಿ ಎದ್ದುಹೋದರು. ಒಳ್ಳೆಯ ಶಿಕ್ಷಕರ ಲಕ್ಷಣವದು.

ಗುರುವಿನ ಅನಂತರ ಸಾಮಗ್ರಿ. ಇದ್ದಿಲಿನ ಕಡ್ಡಿ, ಕಾರ್ಟ್ರಿಡ್ಜ್ ಕಾಗದ, ಹಾಫ್ ಇಂಪೀರಿಯಲ್ ಹಲಗೆ ಇವು ಮನೆಗೂ ಬರುತ್ತವೆ. ಕುಲುಮೆ, ಜೀವಂತ ಮಾಡೆಲ್, ಮುದ್ರಣದ ಪ್ರೆಸ್ಸು ಇವು ಬರುವುದಿಲ್ಲ. ಎಚಿಂಗ್ ಕಲಿಯುವವನು ಸತುವಿನ ತಗಡಿನ ಮೇಲೆ ಮೇಣದ ಲೇಪ ಕೊಟ್ಟು, ಸೂಜಿಯಿಂದ ಲೇಪವನ್ನು ಗೀರಿ ಚಿತ್ರವನ್ನು ಬರೆದು, ಆ ತಗಡನ್ನು ನೀರು ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ ಮುಳುಗಿಸುತ್ತಾನೆ. ಗೀರಿದ ಕಡೆ ಆಮ್ಲವು ಲೋಹವನ್ನು ತಿಂದು ಸಣ್ಣ ಗುಳ್ಳೆಗಳನ್ನೆಬ್ಬಿಸುತ್ತದೆ. ಅದನ್ನು ಎಷ್ಟು ಹೊತ್ತು ಬಿಡಬೇಕೆಂಬುದರ ಮೇಲೆ ಗೆರೆಯ ಕಪ್ಪು ನಿಂತಿದೆ. ಆಮೇಲೆ ಲೇಪವನ್ನು ತೆಗೆದು, ಶಾಯಿಯನ್ನು ತುಂಬಿ, ಮೇಲಿನದನ್ನು ಜಾಳುಬಟ್ಟೆಯಿಂದ ಒರಸಿ, ತೇವವಾದ ಕಾಗದವನ್ನು ಹೊದಿಸಿ, ಉಣ್ಣೆಯ ಕಂಬಳಿಗಳ ಕೆಳಗೆ ಉರುಳೆಯ ನಡುವೆ ಹಾಯಿಸಿ, ಕಾಗದದ ಒಂದು ಮೂಲೆಯನ್ನು ಹಿಡಿದು ಮೆಲ್ಲಗೆ ಎತ್ತಿದಾಗ, ತಾನು ಬರೆದದ್ದೆಲ್ಲ ಎಡಬಲ ಅದಲುಬದಲಾಗಿ ಎದುರಿಗೆ ಬರುತ್ತದೆ. ಈ ಅನುಭವವನ್ನು ಮಹದೇವಪುರದ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಪಡೆಯುವುದು ಅಸಾಧ್ಯ, ಪಡೆಯಲು ಯತ್ನಿಸುವುದು ಅಪಾಯ. ಆದುದರಿಂದ ಹಣವನ್ನೂ ಭಾನುವಾರವನ್ನೂ ವೆಚ್ಚಮಾಡಲು ಸಿದ್ಧನಾದವನು, ಮನೆಯಲ್ಲಿ ಆಗದಿರುವುದನ್ನೇ ಕಾಲೇಜಿನಲ್ಲಿ ಕೇಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಯಾವ ತರಗತಿಗೆ ಸೇರಬೇಕು? ಮೊದಲು ರೇಖಾಭ್ಯಾಸಕ್ಕೆ, ಸಂಶಯವೇ ಬೇಡ. ತೈಲವರ್ಣದ ಕ್ಯಾನ್‌ವಾಸಿನ ಆಕರ್ಷಣೆ ಹೆಚ್ಚು. ಅಕ್ರಿಲಿಕ್‌ನಲ್ಲಿ ಒಂದೇ ಮಧ್ಯಾಹ್ನ ಸೂರ್ಯಾಸ್ತವನ್ನು ಮುಗಿಸಿ ಮನೆಗೆ ಕೊಂಡೊಯ್ಯುವ ಕಾರ್ಯಾಗಾರಗಳು ನಮ್ಮ ಕಡೆ ಬೇಕಾದಷ್ಟಿವೆ. ಅವುಗಳಿಂದ ದೊರೆಯುವ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಬೆಳೆಯುವುದು ಕಣ್ಣಲ್ಲ. ಫೋಟೊದ ಮೇಲೆ ಚೌಕಗಳನ್ನೆಳೆದು ಮುಖವನ್ನು ನಕಲು ಮಾಡಿಸುವ ತರಗತಿಗಳಿಂದಲೂ ದೂರವಿರುವುದು ಒಳಿತು. ಕ್ಯಾಮೆರಾ ಆಗಲೇ ಒಂದು ಸಲ ನೋಡಿ ಮುಗಿಸಿದೆ. ವಿದ್ಯಾರ್ಥಿಗೆ ಉಳಿಯುವುದು ಬಡಿಸಿದ ಎಲೆಯನ್ನು ಎಣಿಸುವ ಕೆಲಸ. ಇದ್ದಿಲು, ಪೆನ್ಸಿಲುಗಳಿಂದ ವಸ್ತುವನ್ನೂ ಮನುಷ್ಯನನ್ನೂ ನೇರವಾಗಿ ನೋಡಿ ಬರೆಯುವ ಒಂದು ಅವಧಿಯ ಅಭ್ಯಾಸ ಮುಗಿದ ಮೇಲೆ ಜೇಡಿಮಣ್ಣಿಗೆ ಹೋಗಬಹುದು, ಮುದ್ರಣಕ್ಕೆ ಹೋಗಬಹುದು, ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಕ್ಕೂ ಹೋಗಬಹುದು. ಜೆಸ್ಸೋ ಲೇಪದ ಉಬ್ಬುಗೆಲಸ, ಚಿನ್ನದ ರೇಕಿನ ಹೊದಿಕೆ, ಕೂದಲೆಳೆಯ ಗೆರೆ, ಇವುಗಳಿಗೆ ಬೇಕಾದ ತಾಳ್ಮೆ ಅಪಾರವಾದುದರಿಂದ, ಮೈಸೂರು ಶೈಲಿಯನ್ನು ಕೆಲವು ವಾರಗಳಲ್ಲಿ ಕಲಿತೆನೆಂದು ಭಾವಿಸದೆ, ಅದರ ಅಂಗಳಕ್ಕೆ ಕಾಲಿಟ್ಟೆನೆಂದಷ್ಟೇ ತಿಳಿಯತಕ್ಕದ್ದು.

ಸೇರುವ ಮುಂಚೆ ಒಂದು ದಿನ ಹೋಗಿ ತರಗತಿಯ ಬಾಗಿಲಲ್ಲಿ ನಿಂತು ನೋಡಿಬರಬೇಕು. ಪಾಠ ಹೇಳುವವರು ಕಾಲೇಜಿನ ಅಧ್ಯಾಪಕರೇ ಅಥವಾ ಹೊರಗಿನಿಂದ ಬರುವವರೇ, ಒಬ್ಬೊಬ್ಬ ವಿದ್ಯಾರ್ಥಿಯ ಬಳಿ ಅವರು ಎಷ್ಟು ಹೊತ್ತು ನಿಲ್ಲುತ್ತಾರೆ, ಗ್ರಂಥಾಲಯವನ್ನು ಉಪಯೋಗಿಸಲು ಅಲ್ಪಾವಧಿಯವರಿಗೂ ಅನುಮತಿಯುಂಟೇ, ಬಣ್ಣ ಕಾಗದಗಳ ವೆಚ್ಚ ಶುಲ್ಕದೊಳಗೋ ಹೊರಗೋ ಎಂಬುದನ್ನೆಲ್ಲ ವಿಚಾರಿಸುವುದರಲ್ಲಿ ಸಂಕೋಚಪಡಬೇಕಾದುದಿಲ್ಲ. ತರಗತಿ ಯಾವ ಆವರಣದಲ್ಲಿ ಎಂಬುದನ್ನು ಮರೆಯದೆ ಕೇಳಬೇಕು. ಚಿತ್ರಕಲಾ ಪರಿಷತ್ತಿಗೆ ಕುಮಾರಕೃಪಾ ರಸ್ತೆಯ ಹಳೆಯ ಆವರಣವಲ್ಲದೆ ರಾಜರಾಜೇಶ್ವರಿನಗರದಲ್ಲಿಯೂ ಆವರಣವಿದ್ದು, ನಮ್ಮ ಕಡೆಯಿಂದ ಹೊರಡುವವನಿಗೆ ಈ ಎರಡರ ನಡುವಣ ವ್ಯತ್ಯಾಸ ಅಲ್ಪವಲ್ಲ.

ದೂರದ ವಿಷಯದಲ್ಲಿ ಈಗ ನಾವು ಹಿಂದಿನವರಿಗಿಂತ ಭಾಗ್ಯಶಾಲಿಗಳು. 2023ರ ಮಾರ್ಚಿನಲ್ಲಿ ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿನವರೆಗಿನ ಮೆಟ್ರೊ ತೆರೆದು, ಅದೇ ವರ್ಷದ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯೊಡನೆ ಕೂಡಿಕೊಂಡ ಮೇಲೆ, ಚಲ್ಲಘಟ್ಟದವರೆಗಿನ 43 ಕಿಲೋಮೀಟರಿನ ನೇರಳೆ ಮಾರ್ಗವು ಕಲಾಭ್ಯಾಸಿಗೆ ಒದಗಿದ ದೊಡ್ಡ ಅನುಕೂಲ. ಕಬ್ಬನ್ ಪಾರ್ಕಿನಲ್ಲಿ ಇಳಿದರೆ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ, 2023ರಲ್ಲಿ ತೆರೆದ ಮ್ಯಾಪ್ ಎಂಬ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯಗಳು ನಡಿಗೆಯ ದೂರ. ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಶೇಷಾದ್ರಿಪುರ ಹತ್ತಿರ; ಕುಮಾರಕೃಪಾ ರಸ್ತೆಗೆ ಅಲ್ಲಿಂದ ಆಟೊ. ಅದೇ ನೇರಳೆ ಮಾರ್ಗದಲ್ಲಿ ಮುಂದುವರಿದರೆ ರಾಜರಾಜೇಶ್ವರಿನಗರ, ಜ್ಞಾನಭಾರತಿ. ತರಗತಿಯ ದಿನ ಸ್ವಲ್ಪ ಮುಂಚೆಯೇ ಹೊರಟು, ಪರಿಷತ್ತಿನ ಸಂಗ್ರಹದ ತೊಗಲುಗೊಂಬೆಗಳನ್ನೋ, 2009ರಿಂದ ಅರಮನೆ ರಸ್ತೆಯ ಮಾಣಿಕ್ಯವೇಲು ಸೌಧದಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯದ ಒಂದೇ ಒಂದು ಕೋಣೆಯನ್ನೋ ನೋಡಿಕೊಂಡು ಹೋದರೆ, ಶುಲ್ಕವಿಲ್ಲದ ಇನ್ನೊಂದು ತರಗತಿ ನಡೆದಂತೆಯೇ. ವಾರದ ನಡುವಿನ ಅಭ್ಯಾಸಕ್ಕೆ ಸ್ಥಳವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಹಲಸೂರು ಸೋಮೇಶ್ವರ ದೇವಾಲಯದ ಮಂಟಪದ ಕಂಬಗಳು, ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಹೂವಿನ ಸಾಲು, ಕೃಷ್ಣರಾಜಪುರದ ರೈಲು ನಿಲ್ದಾಣದಲ್ಲಿ ಗಂಟುಮೂಟೆಗಳ ಮೇಲೆ ತಲೆಯಿಟ್ಟು ಮಲಗಿದ ಪ್ರಯಾಣಿಕರು, ಇವೆಲ್ಲ ಜೇಬಿನ ಸ್ಕೆಚ್ ಪುಸ್ತಕಕ್ಕೆ ಸಾಲದಾದಾವೆ?

ಪದವಿಯ ವಿದ್ಯಾರ್ಥಿಗಳೊಡನೆ ಬೆರೆಯುವ ಮಾತನ್ನೂ ಹೇಳಬೇಕು. ನಲವತ್ತರ ಮ್ಯಾನೇಜರನು ಹತ್ತೊಂಬತ್ತರ ಹುಡುಗಿಯ ಪಕ್ಕದಲ್ಲಿ ಕುಳಿತು ಬರೆಯುವಾಗ ಮೊದಮೊದಲು ಇಬ್ಬರಿಗೂ ಮುಜುಗರವಾಗುವುದು ಸಹಜ. ಆಕೆ ಬೀದರಿನಿಂದಲೋ ಶಿರಸಿಯಿಂದಲೋ ಬಂದು, ಹಾಸ್ಟೆಲಿನಲ್ಲಿದ್ದು, ಈ ವಿದ್ಯೆಯನ್ನೇ ಬಾಳಿನ ಆಧಾರವಾಗಿ ನಂಬಿ, ರಾತ್ರಿಯೆಲ್ಲ ಎದ್ದಿದ್ದು ಸಬ್ಮಿಷನ್ ಮುಗಿಸುವವಳು. ಆತನಿಗೆ ಇದು ಜೀವನೋಪಾಯವಲ್ಲ. ಆಕೆಯ ಜಾಗ, ಆಕೆಯ ಈಸೆಲ್, ಪ್ರೆಸ್ಸಿನ ಬಳಿ ಆಕೆಯ ಸರದಿ, ಇವುಗಳಿಗೆ ಅಲ್ಪಾವಧಿಯವನಿಂದ ತೊಡಕಾಗಕೂಡದು. ಈ ಎಚ್ಚರವಿದ್ದಲ್ಲಿ ಸ್ನೇಹ ತಾನಾಗಿ ಬೆಳೆಯುತ್ತದೆ. ಕುಮಾರಕೃಪಾ ರಸ್ತೆಯಲ್ಲಿ ವರ್ಷಾರಂಭದಲ್ಲಿ ನಡೆಯುವ ಚಿತ್ರಸಂತೆಯಲ್ಲಿ ಇಂಥ ತರುಣರ ಚಿತ್ರಗಳನ್ನು ಬೆಲೆ ಚೌಕಾಸಿ ಮಾಡದೆ ಕೊಂಡುಕೊಳ್ಳುವವರಲ್ಲಿ, ಸ್ವತಃ ಕೈಯಲ್ಲಿ ಇದ್ದಿಲು ಹಿಡಿದು ಕಷ್ಟವನ್ನು ಕಂಡವರೇ ಮುಂದಿರುವುದು ಆಶ್ಚರ್ಯವಲ್ಲ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ಕಡೆಯ ಹಿರಿಯರಿಗೂ ಒಂದು ಸೂಚನೆ. ಅಲ್ಲಿಯ ಕಮ್ಯುನಿಟಿ ಕಾಲೇಜುಗಳಲ್ಲಿ ಪದವಿಯ ಉದ್ದೇಶವಿಲ್ಲದವರಿಗೆಂದೇ ಪ್ರವೇಶವಿರುತ್ತದೆ. ಸೆರಾಮಿಕ್ಸ್, ಡ್ರಾಯಿಂಗ್ ತರಗತಿಗಳಲ್ಲಿ ಬಿಳಿಗೂದಲಿನವರು ಅಲ್ಲಿ ಸಾಮಾನ್ಯ ದೃಶ್ಯ. ಆದರೆ ಸಂದರ್ಶಕರ ವೀಸಾದ ಮೇಲೆ ಹೋದವರು ಕ್ರೆಡಿಟ್ಟಿನ ಅಭ್ಯಾಸಕ್ಕೆ ಸೇರುವಂತಿಲ್ಲ; ಕ್ರೆಡಿಟ್ ಇಲ್ಲದ, ಮನೋರಂಜನಕ್ಕಾಗಿ ನಡೆಯುವ ಅಲ್ಪಕಾಲದ ತರಗತಿಗೆ ಮಾತ್ರ ಅವಕಾಶ. ಕಾಲೇಜಿನ ಕಚೇರಿಯಲ್ಲಿ ಇದನ್ನು ಖಚಿತಪಡಿಸಿಕೊಂಡೇ ಮುಂದುವರಿಯಬೇಕು.

ಕೊನೆಯದಾಗಿ, ನಮ್ಮ ಪೂರ್ವಭಾಗದ ಮಾತು. ಬೆಂಗಳೂರಿನ ಹಳೆಯ ಕಲಾಶಾಲೆಗಳು ಬೇರೂರಿದ್ದು ಶೇಷಾದ್ರಿಪುರ, ಕುಮಾರಕೃಪಾಗಳ ಕಡೆಯಲ್ಲಿ. ಮಹದೇವಪುರವಾಗಲಿ ಕೃಷ್ಣರಾಜಪುರವಾಗಲಿ ಆ ಕಾಲಕ್ಕೆ ರಾಗಿಹೊಲಗಳ ಊರುಗಳು. ಇಂದು ಇಲ್ಲಿ ಜನವೂ ಇದೆ, ಹಣವೂ ಇದೆ, ಇಂಜಿನಿಯರಿಂಗ್ ಕಾಲೇಜುಗಳೂ ಇವೆ. ಆ ಕಾಲೇಜುಗಳಲ್ಲಿ ಇಂಜಿನಿಯರಿಂಗ್ ಡ್ರಾಯಿಂಗ್ ಈಗ ಬಹುಪಾಲು ಕಂಪ್ಯೂಟರಿಗೆ ಹೋಗಿದೆ. ಹಿಂದೆ ಒಂದೊಂದು ತರಗತಿಗೆ ಅರವತ್ತು ಹಲಗೆ ಹಿಡಿಯುತ್ತಿದ್ದ, ಎತ್ತರದ ಕಿಟಕಿಗಳ ಡ್ರಾಯಿಂಗ್ ಹಾಲುಗಳಿಗೆ ಭಾನುವಾರವಂತೂ ಬೀಗ. ರೇಖಾಭ್ಯಾಸಕ್ಕೆ ಬೇಕಾದ ಬೆಳಕು, ಸ್ಟೂಲು, ಹಲಗೆಗಳೆಲ್ಲ ಅಲ್ಲಿ ಮೊದಲೇ ಇವೆ. ಕರ್ನಾಟಕ ಲಲಿತಕಲಾ ಅಕಾಡೆಮಿಯಾಗಲಿ ಚಿತ್ರಕಲಾ ಪರಿಷತ್ತಾಗಲಿ ಇಂಥ ಒಂದು ಹಾಲನ್ನು ಒಪ್ಪಂದದ ಮೇಲೆ ಪಡೆದು, ಪದವಿ ಮುಗಿಸಿ ಕೆಲಸಕ್ಕಾಗಿ ಕಾದಿರುವ ಸಮರ್ಥ ಕಲಾವಿದರಿಬ್ಬರನ್ನು ಯೋಗ್ಯವಾದ ಗೌರವಧನ ಕೊಟ್ಟು ನೇಮಿಸಿ, ಭಾನುವಾರದ ಬೆಳಗಿನ ಒಂದು ತರಗತಿಯನ್ನು ಇಲ್ಲಿ ಆರಂಭಿಸಿದರೆ, ಸೇರತಕ್ಕವರಿಗೆ ಕೊರತೆಯಿರದು. ಇಲ್ಲಿ ಪಳಗಿದವರನ್ನು ವರ್ಷಕ್ಕೊಮ್ಮೆಯಾದರೂ ಕಲಾಕಾಲೇಜಿನ ಗ್ರಾಫಿಕ್ಸ್, ಎಂದರೆ ಮುದ್ರಣಕಲೆಯ, ವಿಭಾಗಕ್ಕೆ ಕರೆದು, ರಜೆಯಲ್ಲಿ ಸುಮ್ಮನೆ ನಿಂತಿರುವ ಪ್ರೆಸ್ಸಿನ ಮೇಲೆ ದಿನಬಾಡಿಗೆಯ ಲೆಕ್ಕದಲ್ಲಿ ಕೆಲಸ ಮಾಡಲು ಬಿಟ್ಟರೆ, ಆ ಹಣದಿಂದ ಪದವಿಯ ವಿದ್ಯಾರ್ಥಿಗಳ ಶಾಯಿಗೂ ಕಾಗದಕ್ಕೂ ಒಂದಿಷ್ಟು ನೆರವಾಗುತ್ತದೆ.